ನಾಲ್ಕು ತುದಿಗಳ ಗಂಟು

"ಹಾಲ್‌ನ ಸ್ಪೀಕರ್ ಬೇಕಾದ್ರೆ ರಿಪೇರಿ ಮಾಡು. ಮಗು ಕೋಣೇದಕ್ಕೆ ಮಾತ್ರ ಕೈ ಹಾಕಬೇಡ ನೋಡಪ್ಪ."

ಮುದುಕಿಯ ಮಾತಿಗೆ ಮೀಟರ್ ನಕ್ಕ. ಮೀಟರ್ ಅನ್ನುವುದು ಅಂಗಡಿಯವರು ಅವನಿಗೆ ಇಟ್ಟ ಹೆಸರು. ಸೊಂಟಕ್ಕೆ ಸಿಕ್ಕಿಸಿಕೊಂಡ ಕರೆಂಟು ಅಳೆಯುವ ಮೀಟರು ತೋರಿಸದ್ದನ್ನು ಹೆತ್ತ ತಾಯಿ ಹೇಳಿದರೂ ಅವನು ನಂಬುವವನಲ್ಲ.

"ಯಾಕಜ್ಜಿ, ಕಚ್ಚುತ್ತಾ?"

"ಮಾಟ ಮಾಡಿಸಿದ್ದಾರೆ."

"ಸ್ಪೀಕರಿಗಾ? ಪಾಪ, ಅದೇನು ಮಾಡಿತ್ತು?"

ಮುದುಕಿ ನಗಲಿಲ್ಲ. ಕಿಟಕಿಯ ಬಳಿ ಕೂತಿದ್ದ ಮೊಮ್ಮಗಳ ಕಡೆ ಕೈ ತೋರಿಸಿದಳು. ಹುಡುಗಿಗೆ ಎಂಟೋ ಒಂಬತ್ತೋ ವರ್ಷ. ಕಣ್ಣು ಚುರುಕಾಗಿತ್ತು, ತುಟಿ ಮಾತ್ರ ಹೊಲಿದಂತೆ ಮುಚ್ಚಿಕೊಂಡಿತ್ತು.

"ಇವಳಿಗೆ ನಾವು ರೇಡಿಯೋ ಅಂತಿದ್ವಿ. ನಿದ್ದೇಲೂ ಮಾತಾಡೋಳು. ನನ್ನ ಕಿರಿಸೊಸೇದು ಮಗು ಹುಟ್ಟುವಾಗಲೇ ಹೋಗಿತ್ತು. ಒಂದು ಸಲ ಅಳಲೂ ಇಲ್ಲ. ಇವಳ ಮಾತು ಕೇಳಿದ್ರೆ ಅವಳಿಗೆ ಹೊಟ್ಟೆ ಉರೀತಿತ್ತು. ಎಲ್ಲಿಂದಲೋ ಯಾರನ್ನೋ ಕರ್ಕೊಂಡು ಬಂದಳು. ಅವತ್ತಿಂದ ಮಗು ಕೋಣೆ ಸ್ಪೀಕರ್ ಸತ್ತೋಯ್ತು, ಮಗು ಬಾಯಿ ನಿಂತೋಯ್ತು. ಹಾಲ್‌ನದು ಗುಂಯ್ ಅನ್ನೋಕೆ ಶುರು ಆಯ್ತು. ಮಗು ಕೋಣೇದನ್ನ ಬಿಚ್ಚಿದೋರ ದನಿ ಹೋಗುತ್ತೆ. ಹೇಳೋದು ಹೇಳಿದ್ದೀನಿ."

"ನನ್ನ ದನಿ ಹೋದ್ರೆ ನನ್ನ ಹೆಂಡತಿ ನಿಮಗೆ ಕೈ ಮುಗೀತಾಳೆ ಬಿಡಿ," ಎಂದ ಮೀಟರ್.

ಹುಡುಗಿಯ ತಾಯಿ, ಮುದುಕಿಯ ಹಿರಿಸೊಸೆ, ಪಕ್ಕದಲ್ಲೇ ಇದ್ದಳು. ಏಣಿಯ ಕಾಲು ಜಾರದಂತೆ ನೆಲ ಒರೆಸುತ್ತಿದ್ದಳು.

ಮೀಟರ್ ಮೊದಲು ಹಾಲ್‌ನದನ್ನೇ ಹಿಡಿದ. ಟಿವಿಯ ಕೇಬಲ್ ಕಿತ್ತ. ಗುಂಯ್ ಸದ್ದು ನಿಲ್ಲಲಿಲ್ಲ. ಆಂಪ್ಲಿಫೈಯರ್ ಆರಿಸಿದ. ನಿಲ್ಲಲಿಲ್ಲ. ಪ್ಲಗ್ಗನ್ನೇ ಗೋಡೆಯಿಂದ ಎಳೆದು ಕೈಯಲ್ಲಿ ಹಿಡಿದುಕೊಂಡು ನಿಂತ. ಚಾವಣಿಯ ದುಂಡು ಜಾಲರಿಯ ಹಿಂದಿನಿಂದ ಸದ್ದು ಬರುತ್ತಲೇ ಇತ್ತು. ಕರೆಂಟಿನ ಗುಂಯ್‌ಗೆ ಏರಿಳಿತ ಇರುವುದಿಲ್ಲ. ಇದು ನಡುನಡುವೆ ಉಸಿರು ಎಳೆದುಕೊಳ್ಳುತ್ತಿತ್ತು. ಬಾಯಿಗೆ ಯಾರೋ ಕೈ ಒತ್ತಿ ಹಿಡಿದಾಗ ಗಂಟಲಲ್ಲೇ ಉಳಿಯುವ ಸದ್ದಿನಂತೆ.

"ಪಕ್ಕದಲ್ಲಿ ಕರೆಂಟಿನ ವೈರು ಹೋಗಿರುತ್ತೆ. ಅದರಿಂದ ಎಳ್ಕೊಳ್ತಿದೆ," ಎಂದು ತನಗೇ ಹೇಳಿಕೊಂಡ. ಹಾಲ್‌ನ ವೈರು ಮಗುವಿನ ಕೋಣೆಯ ಚಾವಣಿಯ ಮೇಲಿಂದಲೇ ಹಾದು ಬಂದಿತ್ತು. ಅಲ್ಲಿಗೆ ಹೋಗದೆ ಗತಿಯಿಲ್ಲ.

ಏಣಿಯನ್ನು ಎತ್ತಿಕೊಂಡು ಕೋಣೆಗೆ ನಡೆದ. ಮುದುಕಿ ಹೊಸ್ತಿಲಲ್ಲೇ ನಿಂತಳು. ಹುಡುಗಿ ಒಳಗೆ ಬಂದು ಮಂಚದ ಮೇಲೆ ಕೂತಳು. ತಾಯಿ ಏಣಿ ಹಿಡಿದಳು.

ಸ್ಪೀಕರ್ ಸುಲಭವಾಗಿ ಕೆಳಗಿಳಿಯಿತು. ಮೀಟರಿನ ಕಡ್ಡಿ ಮುಟ್ಟಿಸಿ ನೋಡಿದ. ಸ್ಪೀಕರಿಗೆ ಏನೂ ಆಗಿರಲಿಲ್ಲ. ತೂತಿನೊಳಗೆ ತಲೆ ತೂರಿಸಿದ. ಮಟಮಟ ಮಧ್ಯಾಹ್ನದಲ್ಲೂ ಅಲ್ಲಿ ಕಡುಕತ್ತಲೆ. ಬೆಚ್ಚಗಿನ ಧೂಳು. ಸುಟ್ಟ ಕೂದಲಿನ ವಾಸನೆ, ಅದರಡಿಯಲ್ಲಿ ಇನ್ನೊಂದು, ಎಳೆಮಗುವಿನ ಬಾಯಿಂದ ಬರುವ ಹುಳಿಹಾಲಿನ ವಾಸನೆ. ಟಾರ್ಚ್ ಹಾಕಿದ.

ಆಂಪ್ಲಿಫೈಯರಿನಿಂದ ಬಂದ ಎರಡು ವೈರು, ಎರಡು ಸ್ಪೀಕರುಗಳಿಗೆ ಹೋಗುವ ಎರಡು ವೈರು. ತುದಿಗಳನ್ನು ಎರಡೆರಡಾಗಿ ಜೋಡಿಸಿ, ನಾಲ್ಕನ್ನೂ ಹೆಂಗಸಿನ ಉದ್ದ ಕೂದಲಿನಿಂದ ಬಿಗಿದು ಒಂದೇ ಗಂಟು ಹಾಕಿದ್ದರು. ಗಂಟು ಒದ್ದೆಯಾಗಿತ್ತು.

"ಟೇಪಿಗೂ ಗತಿಯಿಲ್ಲದೋನು ಯಾವನೋ ಕೆಲಸ ಮಾಡಿದ್ದಾನೆ," ಎಂದು ಕೆಳಗೆ ಕೇಳುವಂತೆ ಹೇಳಿದ. ಮುದುಕಿ ಏನೋ ಗೊಣಗಿದಳು.

ಅವನ ಕಸುಬಿನಲ್ಲಿ ಒಂದು ಉಪಾಯವಿದೆ. ಕೆಟ್ಟದ್ದು ಎಲ್ಲಿದೆ ಎಂದು ತಿಳಿಯದಿದ್ದರೆ ಎರಡನ್ನು ಅದಲುಬದಲು ಮಾಡಬೇಕು. ದೋಷ ಜಾಗ ಬದಲಿಸಿದರೆ ಕಳ್ಳ ಸಿಕ್ಕ ಹಾಗೆ. ಒಂದು ನಿಯಮವೂ ಇದೆ: ಬಿಚ್ಚುವ ಮುಂಚೆ ಒಂದೊಂದು ತುದಿಗೂ ಗುರುತು ಹಾಕಬೇಕು. ಬಣ್ಣದ ಟೇಪು ಅವನ ಜೇಬಿನಲ್ಲೇ ಇತ್ತು. ಆದರೆ ಮುದುಕಿ ನೋಡುತ್ತಿದ್ದಳು. ಅವಳ ಮುಂದೆ ನಿಧಾನಿಸುವುದು ಹೆದರಿದಂತೆ ಅನ್ನಿಸಿತು. ಇಕ್ಕಳದಿಂದ ಗಂಟನ್ನು ಕಚಕ್ಕನೆ ಕತ್ತರಿಸಿದ. ತುದಿಗಳನ್ನು ಅದಲುಬದಲು ಮಾಡಿ ಸುತ್ತಿದ.

ಹಾಲ್‌ನ ಗುಂಯ್ ನಿಂತಿತು.

ಏಣಿಯ ಮೇಲಿಟ್ಟಿದ್ದ ಸ್ಪೀಕರ್ ಒಮ್ಮೆ ನಡುಗಿ ಸುಮ್ಮನಾಯಿತು.

"ಅಮ್ಮಾ," ಎಂದಳು ಮಂಚದ ಮೇಲಿನ ಹುಡುಗಿ. "ಅಮ್ಮಾ, ನೀರು ಕೊಡು."

ತಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಗೆದ್ದ ಖುಷಿಯಲ್ಲಿ ಮೀಟರ್ ತೂತಿನಿಂದ ತಲೆ ಹೊರಗೆಳೆದು, ಮುದುಕಿಯತ್ತ ತಿರುಗಿ ಬಾಯಿ ತೆರೆದ.

"ನೋಡಿದ್ರಾ ಅಜ್ಜಿ!"

ಮಾತು ಅವನ ಬಾಯಿಂದ ಬರಲಿಲ್ಲ. ಹಾಲ್‌ನ ಚಾವಣಿಯಿಂದ ಬಂತು. ಅವನದೇ ದನಿ, ಅದೇ ಗತ್ತು, ಜಾಲರಿಯ ಹಿಂದೆ.

ಮತ್ತೆ ಪ್ರಯತ್ನಿಸಿದ. ಗಂಟಲು ಅಲುಗಿತು. ನಾಲಿಗೆ ಅಲುಗಿತು. ಬರೀ ಗಾಳಿ. ಆಚೆ ಹಾಲ್‌ನಲ್ಲಿ ಅವನ ದನಿ ಕಿರುಚಿತು: "ಏನಾಯ್ತು? ಏನಾಯ್ತು ನನಗೆ?"

ತಾಯಿ ತಲೆ ಎತ್ತಿದಳು. ಅವಳಿಗೆ ಒಂದಿಷ್ಟೂ ಆಶ್ಚರ್ಯವಾಗಿರಲಿಲ್ಲ.

"ಮುಂಚೆ ಬಂದೋರೆಲ್ಲ ನಮ್ಮತ್ತೆ ಮಾತು ಕೇಳಿ ವಾಪಸ್ ಹೋದ್ರು," ಎಂದಳು. "ಬೇಡ ಅಂದ್ರೆ ಅದನ್ನೇ ಮಾಡೋರು ಯಾರಿದ್ದಾರೆ ಅಂತ ಅಂಗಡೀಲಿ ಕೇಳಿದೆ. ನಿಮ್ಮ ಹೆಸರು ಹೇಳಿದ್ರು. ತಪ್ಪು ತಿಳ್ಕೋಬೇಡಿ. ನಿಮಗೆ ಮಕ್ಕಳಿದ್ದಿದ್ರೆ ನೀವೂ ಹೀಗೇ ಮಾಡ್ತಿದ್ರಿ."

ಮೀಟರ್ ಮತ್ತೆ ತೂತಿನೊಳಗೆ ನುಗ್ಗಿದ. ಇದ್ದಂತೆ ಜೋಡಿಸಿದರೆ ಸಾಕು. ಮೊದಲು ಹೇಗಿತ್ತೋ ಹಾಗೆ. ಹುಡುಗಿಯ ಬಾಯಿ ಮತ್ತೆ ಮುಚ್ಚುತ್ತದೆ, ಗೊತ್ತು. ಮುಚ್ಚಲಿ. ಅದು ಅವನ ಮಗಳಲ್ಲ.

ಸುತ್ತಿದ್ದನ್ನು ಕಿತ್ತ. ನಾಲ್ಕು ತುದಿಗಳು ಕತ್ತಲಲ್ಲಿ ನೇತಾಡಿದವು. ನಾಲ್ಕೂ ಕಪ್ಪು. ನಾಲ್ಕೂ ಒಂದೇ ದಪ್ಪ. ಯಾವುದು ಯಾವುದರ ಜೊತೆಗಿತ್ತು?

"ಮಾಮಾ, ಬೇಡ," ಎಂದಳು ಹುಡುಗಿ ಕೆಳಗಿನಿಂದ. "ಮಾಮಾ, ಆ ಸ್ಪೀಕರ್ ಒಳಗಿಂದ ಎಷ್ಟು ಕೂಗಿದ್ರೂ ಯಾರಿಗೂ ನನ್ನ ಮಾತು ತಿಳೀಲಿಲ್ಲ."

ಬೆವರು ಕಣ್ಣಿಗೆ ಇಳಿಯಿತು. ಟಾರ್ಚ್ ಜಾರಿ ಬಿತ್ತು. ತಾಯಿ ಅವನ ಕಾಲು ಹಿಡಿದು ಎಳೆದಳು. ಒದ್ದ. ಕೈಗೆ ಸಿಕ್ಕ ಎರಡನ್ನು ಸೇರಿಸಿದ. ಉಳಿದೆರಡನ್ನು ಸೇರಿಸಿದ. ತಿರುವಿದ.

"ಅಮ್ಮಾ, ಹೇಳು ಮಾಮಂಗೆ, ಅಮ್..."

ಅರ್ಧಕ್ಕೇ ತುಂಡಾಯಿತು. ಹುಡುಗಿಯ ಬಾಯಿ ತೆರೆದೇ ಇತ್ತು. ಸದ್ದಿಲ್ಲ.

ಮೀಟರ್ ಏಣಿಗೆ ಒರಗಿ ಉಸಿರು ಎಳೆದುಕೊಂಡ. ಗಂಟಲಿನಲ್ಲಿ ಏನೋ ಬಂದು ಕೂತಿತು. ಬಿಸಿ. ಭಾರ. ದನಿ! ಬಂತು, ಬಂದೇ ಬಿಟ್ಟಿತು. ಕಾಲು ಬಿಡಿ, ನಾನು ಹೋಗ್ತೀನಿ ಎಂದು ಗದರಿಸಲು ಬಾಯಿ ತೆರೆದ.

"...ಮಾ," ಎಂದಿತು ಅವನ ಬಾಯಿ.

ತೆಳುವಾದ, ಎಳೆಯ ದನಿ, ಆ ಹುಡುಗಿಯದೇ. ಬಾಯಿ ಮುಚ್ಚಲು ನೋಡಿದ. ದವಡೆ ಕೇಳಲಿಲ್ಲ. ಮೀಸೆಯಡಿಯಿಂದ ಆ ದನಿ ಹರಿಯುತ್ತಲೇ ಇತ್ತು: "ಅಮ್ಮಾ, ನಾನಿಲ್ಲಿದ್ದೀನಿ. ಅಮ್ಮಾ, ನನ್ನ ಬಿಡಬೇಡ."

ಹಾಲ್‌ನ ಚಾವಣಿಯಲ್ಲಿ ಗಂಡಸೊಬ್ಬನ ಗಂಟಲು ಗುಂಯ್‌ಗುಟ್ಟಲು ಶುರುಮಾಡಿತು.

ಅವನ ಕಾಲು ಹಿಡಿದಿದ್ದ ಕೈಗಳು ಈಗ ಎಳೆಯುತ್ತಿರಲಿಲ್ಲ. ಮೆಲ್ಲಗೆ ಸವರುತ್ತಿದ್ದವು. ಮಂಚದ ಮೇಲೆ ಮೂಕಿಯಾಗಿ ಅಳುತ್ತಿದ್ದ ಹುಡುಗಿಯ ಕಡೆ ತಾಯಿ ಒಮ್ಮೆಯೂ ತಿರುಗಲಿಲ್ಲ. ಮುಖವನ್ನೆಲ್ಲ ಮೇಲಕ್ಕೆತ್ತಿ ಅವನನ್ನೇ ನೋಡುತ್ತಿದ್ದಳು.

"ಬಂದೆಯಾ ಕಂದಾ," ಎಂದಳು. "ನಿಧಾನಕ್ಕೆ ಇಳಿ. ಬಿದ್ದೀಯ."

ಮುದುಕಿ ಹೊಸ್ತಿಲು ಬಿಟ್ಟು ಹೋದಳು. ಮುಂಬಾಗಿಲ ಚಿಲಕ ಒಳಗಿನಿಂದ ಬಿದ್ದ ಸದ್ದು ಕೇಳಿಸಿತು.