ಹೋಮ ಅಲ್ಲ, ಹೋಮ್

“ಕೆಳಗಡೆ ಇದೆ ನೋಡೇ, ಹಸಿರು ಪಟ್ಟೆ ಸೀರೆ. ಹೋಮಕ್ಕೆ ಅದನ್ನೇ ಉಡ್ತೀನಿ,” ಅಂದರು ಅಜ್ಜಿ ಮಂಚದ ಮೇಲಿಂದ.

ಧೃತಿ ಬೀರುವಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಸೀರೆ ಕಣ್ಣೆದುರಿಗೇ ಇತ್ತು. ಆದರೆ ಕೈ ಮುಂದಕ್ಕೆ ಹೋಗಲಿಲ್ಲ. ಅವಳಿಗೆ ಅಷ್ಟು ಭಯವಾಗಿತ್ತು.

ತಪ್ಪು ಅವಳದೇ. ಸೋಮವಾರ ಬೆಳಿಗ್ಗೆ ಅಪ್ಪ ಅಮ್ಮ ಅಡುಗೆಮನೆಯಲ್ಲಿ ಪಿಸುಪಿಸು ಮಾತಾಡುತ್ತಿದ್ದರು. ಪಿಸುಮಾತು ಅಂದರೆ ಧೃತಿಯ ಕಿವಿಗೆ ಹಬ್ಬ. ಬಾಗಿಲ ಹಿಂದೆ ನಿಂತು ಕೇಳಿದಳು.

“ಭಾನುವಾರ ಹೋಮ್ದು ಫೈನಲ್ ಮಾಡ್ಬಿಡೋಣ. ಅಮ್ಮನಿಗೆ ಅದೇ ಒಳ್ಳೇದು,” ಅಂದಿದ್ದರು ಅಪ್ಪ.

ಅಷ್ಟು ಸಾಕಾಯಿತು. ಒಂದೇ ಓಟಕ್ಕೆ ಅಜ್ಜಿಯ ರೂಮಿಗೆ ಹೋಗಿ, ನಿನಗೆ ಹುಷಾರಾಗಲಿ ಅಂತ ಹೋಮ ಮಾಡಿಸುತ್ತಾರಂತೆ ಎಂದು ಊದಿಬಿಟ್ಟಳು.

ಬಸವನಗುಡಿಯ ಆ ಮನೆಗೆ ಹೋಮ ಹೊಸದೇನಲ್ಲ. ಧೃತಿಗೆ ಟೈಫಾಯ್ಡ್ ಬಂದಾಗಲೂ ಒಂದು ಆಗಿತ್ತು. ಈಗ ಅಜ್ಜಿ ಬಾತ್‌ರೂಮಿನಲ್ಲಿ ಜಾರಿ ಬಿದ್ದು, ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ ನಾಲ್ಕು ತಿಂಗಳಾಗಿತ್ತು. ಇನ್ನೂ ಒಬ್ಬರೇ ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಹಾಗಾದರೆ ಧನ್ವಂತರಿ ಹೋಮವೇ ಇರಬೇಕು ಎಂದು ಅಜ್ಜಿ ತಾವೇ ತೀರ್ಮಾನ ಮಾಡಿದರು. ಮಗ ಸೊಸೆ ತಾವಾಗಿ ಹೇಳುವ ತನಕ ಗೊತ್ತಿಲ್ಲದ ಹಾಗೆ ಇರೋಣ ಎಂದು ಮೊಮ್ಮಗಳ ಜೊತೆ ಗುಟ್ಟು ಮಾಡಿಕೊಂಡರು. ಆ ಗುಟ್ಟನ್ನು ಮಹಡಿ ಮನೆಯ ಶೈಲಜಮ್ಮನವರಿಗೆ ಮಾತ್ರ ಹೇಳಿ, ಪ್ರಸಾದಕ್ಕೆ ಹಯಗ್ರೀವ ಮಾಡಲು ಬರಬೇಕು ಎಂದೂ ಒಪ್ಪಿಸಿದ್ದರು.

ಇವತ್ತು ಸ್ಕೂಲಿಂದ ಬಂದ ಧೃತಿ ಸ್ಕೆಚ್ ಪೆನ್ ಹುಡುಕುತ್ತಾ ಅಪ್ಪನ ಟೇಬಲ್ ಡ್ರಾ ಎಳೆದಳು. ಅಲ್ಲೊಂದು ಫಾರಂ ಇತ್ತು. ಮೇಲೆ ದಪ್ಪ ಅಕ್ಷರದಲ್ಲಿ ‘ಹಿರಿಯರ ಆರೈಕೆ ಹೋಮ್, ಚಾಮರಾಜಪೇಟೆ’ ಎಂದಿತ್ತು. ಕೆಳಗೆ ಅಪ್ಪನ ಕೈಬರಹದಲ್ಲಿ ಅಜ್ಜಿಯ ಹೆಸರು, ಗೋದಾಬಾಯಿ. ಎಷ್ಟು ದಿನ ಇರುತ್ತಾರೆ ಎಂಬ ಸಾಲಿನಲ್ಲಿ ‘ಖಾಯಂ’ ಎಂದು ಬರೆದಿದ್ದರು.

ಧೃತಿಗೆ ಕ್ಲಾಸಿನ ಕೈಲಾಸ್ ಹೇಳಿದ್ದು ನೆನಪಾಯಿತು. ಅವನ ದೊಡ್ಡಜ್ಜನನ್ನು ಇಂಥದ್ದೇ ಹೋಮಿಗೆ ಸೇರಿಸಿದ್ದರಂತೆ. ಹೋದವರು ವಾಪಸ್ ಬರಲೇ ಇಲ್ಲವಂತೆ.

“ಏನೇ, ಸಿಗ್ಲಿಲ್ವಾ?” ಎಂದು ಅಜ್ಜಿ ಮತ್ತೆ ಕೇಳಿದರು.

ಹೇಳದಿದ್ದರೆ ಭಾನುವಾರ ಅಜ್ಜಿ ಪಟ್ಟೆ ಸೀರೆ ಉಟ್ಟು ಪುರೋಹಿತರ ದಾರಿ ನೋಡುತ್ತಾ ಕೂತಿರುತ್ತಾರೆ. ಆಗ ಬಾಗಿಲಿಗೆ ಕ್ಯಾಬ್ ಬಂದು ನಿಲ್ಲುತ್ತದೆ.

“ಅಜ್ಜಿ, ಹೋಮ ಅಲ್ಲ,” ಅಂದಳು. “ಹೋಮ್. ನಾನು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ.”

ಅಜ್ಜಿಗೆ ಏನೂ ತಿಳಿಯಲಿಲ್ಲ. ಧೃತಿ ಫಾರಂ ತಂದು ಕೊಟ್ಟಳು. ಅಜ್ಜಿ ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗಿನವರೆಗೆ ಓದಿದರು. ಧೃತಿ ಬಿಕ್ಕಿ ಬಿಕ್ಕಿ ಅತ್ತಳು. ನೀನು ಎಲ್ಲಿಗೂ ಹೋಗಬೇಡ, ನಾನೇ ಸ್ಕೂಲ್ ಬಿಟ್ಟು ನಿನ್ನ ನೋಡಿಕೊಳ್ಳುತ್ತೇನೆ ಎಂದಳು.

ಅಜ್ಜಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡರು. ಸ್ಟೂಲಿನ ಮೇಲಿದ್ದ ಚೊಂಬಿನ ಮುಚ್ಚಳ ತೆಗೆದು ನೋಡಲು ಹೇಳಿದರು. ಬೆಳಿಗ್ಗೆ ಅಮ್ಮ ತುಂಬಿಟ್ಟ ನೀರು ಒಂದು ಗುಟುಕೂ ಕಮ್ಮಿಯಾಗಿರಲಿಲ್ಲ.

“ಕುಡಿದ್ರೆ ಬಾತ್‌ರೂಮಿಗೆ ಹೋಗ್ಬೇಕಾಗುತ್ತಲ್ಲ. ನೀವ್ಯಾರೂ ಇರಲ್ಲ. ಒಬ್ಳೇ ಎದ್ದು ಮತ್ತೆ ಬಿದ್ರೆ?” ಅಂದರು ಅಜ್ಜಿ. “ಅಲ್ಲಿಗೆ ಹೋಗಕ್ಕೂ ಭಯ ಪುಟ್ಟಿ. ಇಲ್ಲಿ ಇರಕ್ಕೂ ಭಯ.”

ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದ ಹನುಮಕ್ಕ ಕೆಲಸ ಬಿಟ್ಟು ಹದಿನೈದು ದಿನವಾಗಿತ್ತು. ಏಜೆನ್ಸಿಯಿಂದ ಬಂದ ಇಬ್ಬರೂ ಮೂರು ದಿನ ನಿಲ್ಲಲಿಲ್ಲ. ಅಪ್ಪ ಅಮ್ಮನಿಗೆ ಆಫೀಸಿನಲ್ಲಿ ರಜೆ ಉಳಿದಿರಲಿಲ್ಲ. ಶೈಲಜಮ್ಮ ಹನ್ನೊಂದಕ್ಕೊಮ್ಮೆ, ಎರಡಕ್ಕೊಮ್ಮೆ ಬಂದು ಇಣುಕಿ ಹೋಗುತ್ತಿದ್ದರು. ಮಿಕ್ಕ ಹೊತ್ತು ಅಜ್ಜಿ ಒಬ್ಬರೇ. ಇದೆಲ್ಲ ಧೃತಿಗೆ ಗೊತ್ತಿತ್ತು. ಚೊಂಬಿನ ವಿಷಯ ಮಾತ್ರ ಗೊತ್ತಿರಲಿಲ್ಲ.

ಸಂಜೆ ಅಪ್ಪ ಬಂದಾಗ ಫಾರಂ ಅಜ್ಜಿಯ ಮಡಿಲಲ್ಲೇ ಇತ್ತು. ಅಪ್ಪನ ಮುಖ ಸಪ್ಪಗಾಯಿತು. ಹೇಳಬೇಕು ಅಂತಲೇ ಇದ್ದೆ, ಬಾಯೇ ಬರಲಿಲ್ಲ ಎಂದು ತಡವರಿಸಿದರು. ಅಜ್ಜಿ ಬೈಯಲಿಲ್ಲ.

“ನೀನು ಸೈನ್ ಹಾಕೋಕೆ ಮುಂಚೆ ನಾನು ಒಂದ್ಸಲ ನೋಡ್ಬೇಕು, ವಾದಿರಾಜ. ಇವಳೂ ಬರಲಿ,” ಅಂದರು.

ಭಾನುವಾರ ಮೂವರೂ ಚಾಮರಾಜಪೇಟೆಗೆ ಹೋದರು. ಹೊರಗಿಂದ ನೋಡಿದರೆ ಅದು ಯಾರದೋ ಹಳೇ ಮನೆ. ಒಳಗೆ ಫಿನಾಯಿಲ್ ವಾಸನೆ. ಉದ್ದದ ಕಾರಿಡಾರಿನಲ್ಲಿ ಸಾಲಾಗಿ ಬಾಗಿಲುಗಳು. ಯಾವುದೋ ರೂಮಿನಿಂದ ಒಬ್ಬರು “ಅಮ್ಮಾ, ಅಮ್ಮಾ” ಎಂದು ಕರೆಯುತ್ತಲೇ ಇದ್ದರು. ಅಷ್ಟು ವಯಸ್ಸಾದವರು ಯಾವ ಅಮ್ಮನನ್ನು ಕರೆಯುತ್ತಿದ್ದಾರೋ ಎಂದು ಧೃತಿಗೆ ಮೈ ಜುಮ್ಮೆಂದಿತು. ಅಜ್ಜಿಯ ವೀಲ್‌ಚೇರನ್ನು ಗಟ್ಟಿಯಾಗಿ ಹಿಡಿದು ನಡೆದಳು.

ಮ್ಯಾನೇಜರ್ ಚಕ್ರಪಾಣಿಯವರು ಭಜನೆ ಹಾಲ್ ತೋರಿಸಿದರು, ದೊಡ್ಡ ಟಿವಿ ತೋರಿಸಿದರು. ಅಜ್ಜಿ ಯಾವುದರ ಬಗ್ಗೆಯೂ ಕೇಳಲಿಲ್ಲ. ಖಾಲಿ ಮಂಚದ ಪಕ್ಕದ ಗೋಡೆಯಲ್ಲಿ ಒಂದು ಬೆಲ್ ಕಂಡಾಗ, ಒತ್ತಿದರೆ ಯಾರಾದರೂ ಬರುತ್ತಾರಾ ಎಂದು ಕೇಳಿದರು. ತಕ್ಷಣ ಬರುತ್ತಾರೆ ಅಂದರು ಚಕ್ರಪಾಣಿ.

ದೊಡ್ಡವರ ‘ತಕ್ಷಣ’ ಎಷ್ಟು ಉದ್ದ ಇರುತ್ತದೆ ಎಂದು ಧೃತಿಗೆ ಚೆನ್ನಾಗಿ ಗೊತ್ತು. ಯಾರನ್ನೂ ಕೇಳದೆ ಬೆಲ್ ಒತ್ತಿ, ಬಾಗಿಲನ್ನೇ ನೋಡುತ್ತಾ ಜೋರಾಗಿ ಎಣಿಸಿದಳು. ಇಪ್ಪತ್ತೆರಡಕ್ಕೆ ಒಬ್ಬ ನರ್ಸ್ ಬಂದಳು. ಅವಳು ಮ್ಯಾನೇಜರ್ ಕಡೆ ನೋಡಲಿಲ್ಲ, ಅಜ್ಜಿಯ ಹತ್ತಿರ ಬಗ್ಗಿ ಏನು ಬೇಕಮ್ಮ ಎಂದು ಕೇಳಿದಳು. ಏನೂ ಬೇಡ ಅಂದರು ಅಜ್ಜಿ.

ಅಪ್ಪ ಮತ್ತು ಚಕ್ರಪಾಣಿ ಮಾತಾಡಲು ಆಫೀಸಿಗೆ ಹೋದರು. ನರ್ಸೂ ಹೊರಟಳು. ರೂಮಿನಲ್ಲಿ ಅಜ್ಜಿ ಮೊಮ್ಮಗಳು ಇಬ್ಬರೇ ಉಳಿದರು. ಅಜ್ಜಿ ಧೃತಿಯ ಕೈ ಹಿಡಿದುಕೊಂಡರು.

“ಮ್ಯಾನೇಜರ್ ಇದಾರೆ ಅಂತ ಓಡ್ಬಂದ್ಳೋ ಏನೋ. ಇನ್ನೊಂದ್ಸಲ ಒತ್ತು.”

ಧೃತಿ ಒತ್ತಿದಳು. ಈ ಸಲ ಬಾಗಿಲ ಕಡೆ ನೋಡಲಿಲ್ಲ, ಅಜ್ಜಿಯ ಕಡೆ ನೋಡಿದಳು. ಅಜ್ಜಿ ಕಣ್ಣು ಮುಚ್ಚಿದ್ದರು. ತುಟಿ ಅಲ್ಲಾಡುತ್ತಿತ್ತು. ದೇವರ ನಾಮ ಹೇಳುತ್ತಿದ್ದಾರೆ ಎಂದುಕೊಂಡಳು ಧೃತಿ. ಅಲ್ಲ. ಅಜ್ಜಿಯೂ ಎಣಿಸುತ್ತಿದ್ದರು.

ಧೃತಿ ಬಾಯಿ ತೆರೆಯಲಿಲ್ಲ. ಅಜ್ಜಿಯ ತುಟಿ ನೋಡುತ್ತಾ ಮನಸ್ಸಿನಲ್ಲೇ ಅವರ ಜೊತೆ ಎಣಿಸಿದಳು. ಹತ್ತೊಂಬತ್ತಕ್ಕೆ ಕಾರಿಡಾರಿನಲ್ಲಿ ಚಪ್ಪಲಿಯ ಸದ್ದು ಕೇಳಿಸಿತು. ಅಜ್ಜಿಯ ಹಿಡಿತ ಸಡಿಲವಾಯಿತು. ಧೃತಿ ಮಾತ್ರ ಕೈ ಬಿಡಲಿಲ್ಲ.