ಅಳಿಸದ ಕೆನ್ನೆ

ಸ್ಟುಡಿಯೋದ ಗಾಜಿನ ಕೌಂಟರ್ ಮೇಲೆ ಅವಳು ಪಾಸ್‌ಪೋರ್ಟ್ ಸೈಜಿನ ಫೋಟೋ ಒಂದನ್ನು ಇಟ್ಟು ಕೇಳಿದಳು. "ಇದು ಯಾರು?"

ಮೆತ್ತನೆಯ ಬ್ರಷ್ಷಿನಿಂದ ಲೆನ್ಸಿನ ಧೂಳು ಸವರುತ್ತಿದ್ದವನು ತಲೆ ಎತ್ತಿ ಫೋಟೋ ನೋಡಿದ, ಅವಳನ್ನು ನೋಡಿದ, ಮತ್ತೆ ಫೋಟೋ ನೋಡಿದ.

"ನೀವೇ ಅಲ್ವಾ ಮೇಡಂ? ಹೋದ ವಾರ ನಾನೇ ತೆಗೆದದ್ದು."

"ನಾನೇ ಅಂತ ನಾನೂ ಹೇಳಿದೆ. ಆಟಗಾರರ ಗುರುತಿನ ಕಾರ್ಡ್ ಮಾಡೋರು ಒಪ್ಪಲಿಲ್ಲ. ನಿಮ್ಮ ತಂಗಿ ಫೋಟೋ ತಂದಿದೀರಾ ಅಂದ್ರು."

ಅವನಿಗೆ ತಟ್ಟನೆ ಹೊಳೆಯಿತು. ನಾಲಿಗೆ ಕಚ್ಚಿಕೊಂಡ. ಸ್ಟುಡಿಯೋದವರ ಕೈಗೆ ಒಂದು ಚಾಳಿ ಇರುತ್ತದೆ. ಗಿರಾಕಿ ಸ್ಟೂಲಿನಿಂದ ಏಳುವಷ್ಟರಲ್ಲಿ ಅದು ಕಂಪ್ಯೂಟರ್ ಪರದೆಯ ಮೇಲೆ ಓಡಾಡಿ ಮೊಡವೆ, ಕಲೆ, ಸುಕ್ಕು ಎಲ್ಲವನ್ನೂ ಸವರಿ ಹಾಕಿರುತ್ತದೆ. ಯಾರೂ ಹೇಳಬೇಕಿಲ್ಲ, ಯಾರನ್ನೂ ಕೇಳುವುದೂ ಇಲ್ಲ. ಅವಳ ಕೆನ್ನೆಯ ಮೇಲೂ ಅದು ಹಾಗೆಯೇ ಓಡಿತ್ತು. ಮೊಡವೆಗಳ ಜೊತೆಗೆ ಗದ್ದದ ಕೆಳಗಿನ ಪುಟ್ಟ ಗಾಯದ ಗುರುತೂ ಮಾಯವಾಗಿತ್ತು.

"ಮೊಡವೆ ಹೋದ್ರೆ ಹೋಗ್ಲಿ," ಅಂದಳು ಅವಳು. "ಆ ಗಾಯ ನಾನು ಸಂಪಾದಿಸಿದ್ದು. ಮೊದಲ ಸಲ ಭಾರ ಎತ್ತಿದಾಗ ಕಬ್ಬಿಣದ ರಾಡು ಗದ್ದಕ್ಕೆ ಬಡಿದು ಆದದ್ದು."

ಅವನು ನಗಲಿಲ್ಲ. ಹಾಗೆ ನಗದೆ ಇದ್ದದ್ದೇ ಅವಳಿಗೆ ಮೊದಲು ಹಿಡಿಸಿದ್ದು.

ಇನ್ನೊಂದು ಫೋಟೋ ತೆಗೆದ. ಈ ಸಲ ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ಪರದೆ ತೋರಿಸಿದ. ಅವಳು ಮನೆಯ ಕನ್ನಡಿಗೆ ಟವೆಲ್ ಹೊದಿಸಿ ಎಷ್ಟೋ ದಿನವಾಗಿತ್ತು. ಈಗ ನೋಡಿದಳು. ಎರಡು ಕೆನ್ನೆಗಳ ಮೇಲೂ, ದವಡೆಯ ಉದ್ದಕ್ಕೂ, ಯಾರೋ ಸಿಟ್ಟಿನಲ್ಲಿ ಕೆಂಪು ಶಾಯಿ ಚಿಮುಕಿಸಿದ ಹಾಗಿತ್ತು. ಅಳಿಸಿಬಿಡಿ ಅನ್ನುವ ಮಾತು ತುದಿನಾಲಿಗೆಗೆ ಬಂತು. ಅದನ್ನು ನುಂಗಿಕೊಂಡು, ಪ್ರಿಂಟ್ ಕೊಡಿ ಅಂದಳು.

ಅವಳ ಕೆಲಸ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ. ಹಗಲಿಡೀ ಹಬೆ, ಹಬೆಯೊಳಗಿಂದ ಮೋಡದ ಚೂರುಗಳಂತೆ ಹೊರಬರುವ ಬಿಳಿ ಹೊದಿಕೆಗಳು. ನೀರು ಕುಡಿದು ಕಲ್ಲಾದ ಆ ಹೊದಿಕೆಗಳನ್ನು ಎತ್ತಿ ಎತ್ತಿಯೇ ಅವಳಿಗೆ ತನ್ನ ತೋಳಿನಲ್ಲಿ ಏನೋ ಇದೆ ಅನ್ನುವುದು ಗೊತ್ತಾದದ್ದು. ಸಂಜೆ ಸ್ಟುಡಿಯೋದ ಮೇಲಿನ ಮಹಡಿಯಲ್ಲಿ ವೇಟ್‌ಲಿಫ್ಟಿಂಗ್ ಅಭ್ಯಾಸ. ಅಲ್ಲಿ ಕೋಚ್ ಇಟ್ಟ ಹೆಸರು ಕಡ್ಡಿ. ಬಂದ ಹೊಸದರಲ್ಲಿ ಅವಳು ಹಾಗೇ ಇದ್ದಳು, ಊದಿದರೆ ಹಾರಿಹೋಗುವ ಹಾಗೆ.

ಈಗ ತಂಡದಲ್ಲಿ ಒಂದೇ ಒಂದು ಜಾಗ ಖಾಲಿಯಿತ್ತು, ಅದೂ ಅವಳಿಗಿಂತ ಮೇಲಿನ ತೂಕದ ವಿಭಾಗದಲ್ಲಿ. ಆಯ್ಕೆಯ ದಿನದೊಳಗೆ ಮೈ ತುಂಬಿಕೊಂಡರೆ ಆ ಜಾಗಕ್ಕೆ ಅವಳೂ ಸ್ಪರ್ಧಿಸಬಹುದು. ಅದಕ್ಕೆಂದೇ ಬೆಳಿಗ್ಗೆ ಸಂಜೆ ಹಾಲಿಗೆ ಪ್ರೋಟೀನ್ ಪುಡಿ ಕದಡಿ ಕುಡಿದಳು. ತೋಳು ತುಂಬಿತು, ಭುಜ ಅಗಲವಾಯಿತು. ಅದರ ಬೆನ್ನಿಗೇ ಮುಖ ಕೆಂಡವಾಯಿತು. ತೋಳಿಗೆ ಉಣಿಸಿದ್ದು ನೋಡಿ ಕೆನ್ನೆಗೆ ಹೊಟ್ಟೆಕಿಚ್ಚು ಕಣೇ ಅಂತ ಅಕ್ಕ ಚುಡಾಯಿಸಿದಳು. ಚುಡಾಯಿಸಿ, ಮರುದಿನವೇ ಕೈಹಿಡಿದು ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಮಿತ ಮಾತಿನವರು. ಕೆಲವರ ಚರ್ಮಕ್ಕೆ ಹಾಲು, ಹಾಲಿನಿಂದ ಮಾಡಿದ ಈ ಪುಡಿ ಆಗಿಬರುವುದಿಲ್ಲ, ಕೆಲವು ವಾರ ಎರಡನ್ನೂ ಬಿಟ್ಟು ನೋಡಿ ಅಂದರು. ಪ್ರೋಟೀನ್ ಮೊಟ್ಟೆಯಲ್ಲಿದೆ, ಮೀನಿನಲ್ಲಿದೆ, ಕಾಳುಗಳಲ್ಲಿದೆ, ಸೋಯಾದಲ್ಲಿದೆ. ಸಿಹಿ ಕಮ್ಮಿ ಮಾಡಿ. ಬೆವರಿದ ಮೇಲೆ ಮುಖ ತೊಳೆದು ಮುಲಾಮು ಹಚ್ಚಿ. ಬೆರಳಿಂದ ಚಿವುಟುವುದು, ಮುಟ್ಟುವುದು ಬೇಡ. ನಿಧಾನಕ್ಕೆ ಇಳಿಯುತ್ತದೆ, ಅವಸರ ಮಾಡಬೇಡಿ. ವಾರಕ್ಕೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ಫೋಟೋ ತೆಗೆಸಿ ತನ್ನಿ, ಕನ್ನಡಿ ನಿಮ್ಮ ಮನಸ್ಸು ಹೇಳಿದ ಹಾಗೆ ಕೇಳುತ್ತದೆ.

ನನಗೊಂದು ಸ್ಟುಡಿಯೋ ಗೊತ್ತು ಅಂತ ಅವಳು ಅಂದುಬಿಟ್ಟಳು. ಅಂದ ಮೇಲೆ ಕೆನ್ನೆ ಕೆಂಪಾಯಿತು. ಇದ್ದ ಕೆಂಪಿನಲ್ಲಿ ಅದು ಯಾರಿಗೂ ತಿಳಿಯಲಿಲ್ಲ.

ಹೀಗೆ ಶುರುವಾಯಿತು. ಅದೇ ಸ್ಟೂಲು, ಬಿಳಿ ಕೊಡೆ ಕಟ್ಟಿದ ಅದೇ ದೀಪ. ಅವನು ಒಮ್ಮೆಯೂ ಅವಳ ಮುಖ ಮುಟ್ಟಲಿಲ್ಲ. ಗದ್ದ ತಿರುಗಿಸಬೇಕಾದರೆ ಲೆನ್ಸ್ ಒರೆಸುವ ಆ ಬ್ರಷ್ಷನ್ನೇ ಗಾಳಿಯಲ್ಲಿ ಆಡಿಸಿ, ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ, ಸಾಕು, ಅನ್ನುತ್ತಿದ್ದ. ಬ್ರಷ್ಷಿನ ಎಳೆಗಳು ಅವಳ ಚರ್ಮಕ್ಕೆ ಒಂದು ಉಸಿರಿನಷ್ಟು ದೂರದಲ್ಲಿ ನಿಲ್ಲುತ್ತಿದ್ದವು. ಆ ಒಂದು ಉಸಿರನ್ನು ಅವಳು ಮೇಲಿನ ಮಹಡಿಗೆ ಹತ್ತುವವರೆಗೂ ಬಿಡುತ್ತಿರಲಿಲ್ಲ.

ಫೋಟೋ ಆದ ಮೇಲೆ ಡಬ್ಬಿ ಬಿಚ್ಚುತ್ತಿದ್ದಳು. ಮೊಳಕೆ ಕಾಳು, ಸೋಯಾ ತುಂಡು, ಬೇಯಿಸಿದ ಮೊಟ್ಟೆ. ಮೊಟ್ಟೆಯ ಬಿಳಿ ಅವಳಿಗೆ, ಹಳದಿ ಅವನಿಗೆ, ಅಂತ ಮಾತಿಲ್ಲದೆಯೇ ಒಪ್ಪಂದವಾಗಿತ್ತು. ಹಳದಿಯೆಲ್ಲ ಎಲ್ಲಿ ಹೋಗುತ್ತೆ, ನಿನಗದು ಸೇರಲ್ವಲ್ಲ, ಅಂತ ಅಕ್ಕ ಒಂದು ದಿನ ಕಣ್ಣು ಕಿರಿದು ಮಾಡಿ ಕೇಳಿದಳು. ಅವಳು ಡಬ್ಬಿ ತೊಳೆಯುವ ನೆಪದಲ್ಲಿ ನಲ್ಲಿ ಜೋರಾಗಿ ಬಿಟ್ಟಳು.

ಅವನಿಗೂ ಚುಡಾಯಿಸುವುದು ಬರುತ್ತಿತ್ತು. ಒಮ್ಮೆ ಅವಳ ಚೀಲ ಮಹಡಿಗೆ ಒಯ್ದುಕೊಡಲು ಹೋಗಿ, ಮೆಟ್ಟಿಲ ನಡುವೆಯೇ ಏದುಸಿರು ಬಿಡುತ್ತ ಕೂತ.

"ಕಡ್ಡಿ ಅಂತಾರಲ್ರೀ ನಿಮ್ಮನ್ನ. ಹಾಗಾದ್ರೆ ನನ್ನನ್ನ ಏನಂತಾರೆ?"

"ನೋಡ್ತೀನಿ, ಅದಕ್ಕಿಂತ ಸಣ್ಣದು ಏನಾದ್ರೂ ಇದ್ಯಾ ಅಂತ," ಅಂದು ಅವಳು ಚೀಲವನ್ನು ಒಂದೇ ಬೆರಳಿಗೆ ತೂಗುಹಾಕಿಕೊಂಡು ಮೇಲೇರಿದಳು. ಹಿಂತಿರುಗಿ ನೋಡದಿದ್ದರೂ, ಅವನ ನೋಟ ಕೊನೆಯ ಮೆಟ್ಟಿಲವರೆಗೂ ಜೊತೆಗೆ ಬಂದದ್ದು ಬೆನ್ನಿಗೆ ಗೊತ್ತಾಯಿತು.

ಕೆನ್ನೆ ತಣಿಯತೊಡಗಿತು. ಆದರೆ ತೂಕದ ಮುಳ್ಳು ನಿಂತಲ್ಲೇ ನಿಂತಿತು. ಆಯ್ಕೆ ಹತ್ತಿರವಾಗುತ್ತಿದ್ದ ಒಂದು ಸಂಜೆ, ಆರಾಮಾಗಿ ಎತ್ತುತ್ತಿದ್ದ ಭಾರವೇ ಕೈಜಾರಿ ಧಡ್ಡೆಂದು ಬಿತ್ತು. ಕೋಚ್ ಬೈದಿದ್ದರೆ ಚೆನ್ನಾಗಿತ್ತು. ಅವರು ತೂಕದ ಯಂತ್ರ ನೋಡಿ ಸುಮ್ಮನಾದರು. ಆ ಮೌನಕ್ಕೆ ಹೆದರಿ ಅವಳು ಅಟ್ಟಕ್ಕೆ ಹಾಕಿದ್ದ ಪುಡಿಯ ಡಬ್ಬ ಇಳಿಸಿದಳು. ಅಕ್ಕನಿಗೂ ಹೇಳದೆ ಮತ್ತೆ ಕುಡಿಯತೊಡಗಿದಳು. ದವಡೆ ಮತ್ತೆ ಉರಿಯಿತು.

ಆ ವಾರ ಅವನು ಕ್ಯಾಮೆರಾದೊಳಗಿಂದ ಬಹಳ ಹೊತ್ತು ನೋಡಿದ. ಫೋಟೋ ತೆಗೆದ.

"ಹೇಳಿಬಿಡಿ, ಮತ್ತೆ ಕೆಟ್ಟಿದೆ ಅಂತ." ಅವಳು ಸ್ಟೂಲಿನಿಂದ ಎದ್ದಳು. "ನನ್ನ ಮುಖ ನೋಡಿದ್ರೆ ನಿಮ್ಮ ಕೈ ತುರಿಸತ್ತೆ ಅಲ್ವಾ, ಸವರಿ ಹಾಕೋಣ ಅಂತ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನ ಪರದೆ ಸರಿಸಿಕೊಂಡು ಅವನ ಮಾವ, ಸ್ಟುಡಿಯೋದ ಯಜಮಾನರು, ಬಂದರು.

"ಅವನ ಕೈ ತುರಿಸಿದ್ರೆ ನಾನು ಬದುಕ್ತಿದ್ದೆ ಕಣಮ್ಮ," ಅಂದರು ಹಣೆ ಉಜ್ಜಿಕೊಳ್ಳುತ್ತ. "ನೀನು ಬಂದು ಕೂರೋಕೆ ಶುರು ಮಾಡಿದಾಗಿಂದ ಇವನು ಯಾರ ಮುಖದಲ್ಲೂ ಏನೂ ತೆಗೀತಿಲ್ಲ. ಎಲ್ಲಾ ಹಾಗೇ ಚೆನ್ನಾಗಿದೆ ಅಂತಾನೆ. ಬೆಳಿಗ್ಗೆ ಒಬ್ಬರು ವಕೀಲರು ಫೋಟೋ ಎಸೆದು ಹೋದ್ರು, ಮೂಗಿನ ಮೇಲಿನ ನರಹುಲಿ ಹಾಗೇ ಬಿಟ್ಟಿದಾನೆ ಅಂತ."

ಅವನ ಕಿವಿಗಳು ದೀಪದ ಬೆಳಕಿನಲ್ಲಿ ಕೆಂಪಗೆ ಹೊಳೆದವು. ಅವಳು ಹೊರಬಂದಳು. ಬೀದಿಯ ಸಂಜೆ ಬೆಳಕಿನಲ್ಲಿ ಎದುರು ಬಂದ ಒಂದೊಂದು ಮುಖವನ್ನೂ ನೋಡುತ್ತ ನಡೆದಳು. ಮಚ್ಚೆ, ಸುಕ್ಕು, ಕಲೆ. ಎಲ್ಲಾ ಹಾಗೇ ಚೆನ್ನಾಗಿತ್ತು.

ಮನೆಗೆ ಬಂದು ಪುಡಿಯ ಡಬ್ಬವನ್ನು ಅಕ್ಕನ ಕೈಗೆ ಕೊಟ್ಟಳು, ಕನ್ನಡಿಯ ಮೇಲಿನ ಟವೆಲ್ ಎಳೆದು ಒಗೆಯಲು ಹಾಕಿದಳು. ಮರುದಿನ ಕೋಚ್ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು, ಮೊದಲೇ ಹೇಳೋಕೆ ಬಾಯಲ್ಲಿ ಏನಿಟ್ಟುಕೊಂಡಿದ್ದೆ ಅಂತ ಗದರಿ, ತಿನ್ನೋದು ಸಾಕಾಗದೆ ಇದ್ರೆ ಇನ್ನೊಂದು ಹೊತ್ತು ಊಟ ಸೇರಿಸು, ಗೆಣಸು, ಕಡಲೆಕಾಯಿ, ಮೊಟ್ಟೆ, ಹೊಟ್ಟೆ ತುಂಬ ತಿಂದು ಕಣ್ತುಂಬ ನಿದ್ದೆ ಮಾಡು ಅಂದರು. ಹಳದಿಯನ್ನೂ ತಿನ್ನು ಅಂತ ಸೇರಿಸಿದರು. ಅದೊಂದನ್ನು ಮಾತ್ರ ಅವಳು ಪಾಲಿಸಲಿಲ್ಲ.

ಆಯ್ಕೆಯ ದಿನ ಬಾಗಿಲಲ್ಲಿ ಕೂತಿದ್ದವರು ಕಾರ್ಡನ್ನೂ ಅವಳನ್ನೂ ನೋಡಿ ಹುಬ್ಬು ಗಂಟಿಕ್ಕಿದರು. ಕಾರ್ಡಿನಲ್ಲಿ ಮುಖವೆಲ್ಲ ಕೆಂಪು. ಎದುರಿಗಿದ್ದ ಮುಖದಲ್ಲಿ, ಎಬ್ಬಿಸಿದರೂ ಏಳದ ನೆಂಟರಂತೆ ದವಡೆಯ ಮೂಲೆಯಲ್ಲಿ ಒಂದಿಷ್ಟು ಮೊಡವೆ, ಅಷ್ಟೇ. ಅವಳು ಗದ್ದ ಎತ್ತಿ ಗಾಯ ತೋರಿಸಿದಳು. ಹೋಗಮ್ಮ ಅಂದರು.

ತೂಕದ ಮುಳ್ಳು ಗೆರೆಯನ್ನು ಮುಟ್ಟಿಯೂ ಮುಟ್ಟದ ಹಾಗೆ ಮುಟ್ಟಿತು. ಮೊದಲ ಸಲ ಎತ್ತಿದ್ದು ಸಲೀಸಾಯಿತು. ಎರಡನೆಯ ಸಲಕ್ಕೆ ಭಾರ ಹೆಚ್ಚಿಸಿದಾಗ ರಾಡು ಭುಜದಿಂದ ಜಾರಿ ಬಿತ್ತು. ತಂಡದ ಜಾಗ ಸಿಗಲು ಆ ಭಾರ ಎತ್ತಲೇಬೇಕಿತ್ತು, ಮೂರರಲ್ಲಿ ಉಳಿದದ್ದು ಒಂದೇ ಅವಕಾಶ. ಅಂಗೈಗೆ ಚಾಕ್ ಪುಡಿ ಹಚ್ಚಿಕೊಂಡು ಬಗ್ಗುವ ಮುಂಚೆ ಅವಳು ಗೋಡೆಯ ಕಡೆ ನೋಡಿದಳು. ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಅವನು ನಿಂತಿದ್ದ. ಆಯ್ಕೆಯ ಫೋಟೋ ತೆಗೆಯಲು ಮಾವ ಕಳಿಸಿದ್ದರು.

ಎತ್ತಿದಳು. ಮಂಡಿ, ಎದೆ, ಭುಜ, ಆಮೇಲೆ ತಲೆಯ ಮೇಲಿನ ಖಾಲಿ ಗಾಳಿ. ತೋಳುಗಳು ನೆಟ್ಟಗೆ ನಿಂತವು. ಲಾಂಡ್ರಿಯ ಹಬೆಯ ಹಾಗೆ ಸುತ್ತಲಿನ ಸದ್ದೆಲ್ಲ ಕರಗಿಹೋಯಿತು. ಎತ್ತಿದ್ದು ಸರಿ ಅಂತ ತೀರ್ಪುಗಾರರ ದೀಪಗಳು ಬಿಳಿಯಾಗಿ ಹೊತ್ತಿದವು. ಕೋಚ್ ಮೊದಲ ಬಾರಿಗೆ ಅವಳನ್ನು ಕಡ್ಡಿ ಅನ್ನದೆ, ಮಗಳೇ ಅಂದರು.

ಹಾಲ್‌ನ ಹಿಂದಿನ ಕಾರಿಡಾರಿನಲ್ಲಿ ಕಿಟಕಿಯಿಂದ ಬಿದ್ದ ಮಧ್ಯಾಹ್ನದ ಬಿಸಿಲು ಚಾಪೆ ಹಾಸಿತ್ತು. ಅವನು ಅಲ್ಲಿ ಕಾಯುತ್ತಿದ್ದ.

"ತೋರಿಸಿ, ಕೊನೇದು ಹೇಗೆ ಬಂದಿದೆ," ಅಂದಳು.

ಅವನು ಕ್ಯಾಮೆರಾ ನೋಡಿದ, ನೆಲ ನೋಡಿದ. "ಬಂದಿಲ್ಲ."

"ಅಂದ್ರೆ?"

"ತೆಗೀಲೇ ಇಲ್ಲ. ನೋಡ್ತಾ ನಿಂತುಬಿಟ್ಟೆ."

ಅವಳ ಬದುಕಿನ ಅಷ್ಟು ದೊಡ್ಡ ಗಳಿಗೆಯ ಫೋಟೋ ಎಲ್ಲೂ ಇರಲಿಲ್ಲ. ಇದ್ದದ್ದು ಅವನ ಕಣ್ಣಿನಲ್ಲಿ ಮಾತ್ರ. ಅಲ್ಲಿ ಅದು ಎಷ್ಟು ಚೆನ್ನಾಗಿ ಬಂದಿತ್ತು ಅಂದರೆ, ಅವಳು ಬಹಳ ಹೊತ್ತು ಅದನ್ನೇ ನೋಡಿದಳು.

ಆಮೇಲೆ ಅವನ ಕೈ ಹಿಡಿದು ತನ್ನ ಕೆನ್ನೆಯ ಹತ್ತಿರ ತಂದಳು. ಒಂದು ಉಸಿರಿನಷ್ಟು ದೂರದಲ್ಲಿ ಅದು ನಿಂತಿತು.

"ಮುಟ್ಟಬಾರದು ಅಂದಿದಾರಲ್ವಾ ಡಾಕ್ಟರು?" ಅಂದ ಅವನು ಪಿಸುದನಿಯಲ್ಲಿ.

"ಅದು ನನಗೆ ಹೇಳಿದ್ದು," ಅಂದಳು ಅವಳು. "ನಿನಗೇನೂ ಹೇಳಿಲ್ಲ."

ನೀನು ಅಂದದ್ದು ಅದೇ ಮೊದಲು. ಚಾಕ್ ಪುಡಿ ಮೆತ್ತಿದ ಅವಳ ಬೆರಳುಗಳ ಕೆಳಗೆ, ಊರ ಮುಖಗಳನ್ನೆಲ್ಲ ತಿದ್ದಿ ಬಂದ ಆ ಕೈ ಅವಳ ಕೆನ್ನೆಯ ಮೇಲೆ, ಏನನ್ನೂ ಸವರದೆ, ಸುಮ್ಮನೆ ಇತ್ತು.