ಜಾಲಿಹಳ್ಳದ ಮೂರು ಅಳತೆ ಪುಸ್ತಕಗಳು

"ಮೂರು ಪುಸ್ತಕ ಹೋಗ್ಯಾವ್ರಿ ಅಮ್ಮಾರ. ಸೋಮವಾರದೊಳಗ ಸಿಗಲಿಲ್ಲಂದ್ರ ನಮ್ಮ ಒಡ್ಡಿನ ಗತಿ ಏನಂತ ಹೇಳಾಕ ಬರಂಗಿಲ್ಲ."

ಹೀಗೆಂದವಳು ಇಂಜಿನಿಯರ್ ಮಮತಾ. ಕೂತಿದ್ದದ್ದು ಬೆಟಗೇರಿಯಲ್ಲಿ, ಸಾವಂತ್ರೆವ್ವನ ಮಗ್ಗದ ಮುಂದೆ. ಸಾವಂತ್ರೆವ್ವ ಸೀರೆ ನೇಯುತ್ತಾಳೆ. ಊರಲ್ಲಿ ಏನಾದರೂ ಕಳೆದರೆ ಹುಡುಕಿಯೂ ಕೊಡುತ್ತಾಳೆ. ನಾನು ಶ್ರೀಧರ, ಪಕ್ಕದ ಮನೆಯವನು, ಅಂಚೆ ಕಚೇರಿಯಿಂದ ನಿವೃತ್ತನಾದವನು. ನಮ್ಮ ಜೋಡಿಯಲ್ಲಿ ತಲೆ ಆಕೆಯದು, ಸ್ಕೂಟರ್ ನನ್ನದು.

ರಾಜ್ಯದ ಅಣೆಕಟ್ಟುಗಳನ್ನೆಲ್ಲ ನೋಡುತ್ತ ಬಂದಿದ್ದ ತಪಾಸಣೆ ತಂಡ ಸೋಮವಾರ ಶಿರಹಟ್ಟಿ ಕಡೆಯ ಜಾಲಿಹಳ್ಳದ ಒಡ್ಡಿಗೆ ಬರುವುದಿತ್ತು. ಮಣ್ಣಿನ ಒಡ್ಡು ಅದು. ಬುಡದಲ್ಲಿ ಜಿನುಗುವ ನೀರು ಈಚೆಗೆ ಹೆಚ್ಚಾಗಿ, ಕದಡಿಯೂ ಬರುತ್ತಿತ್ತು. ಅಂದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದು ಮಮತಾಳ ಅಂಜಿಕೆ. ಹಿಂದೆ ಹೀಗಿರಲಿಲ್ಲವೆಂದು ತೋರಿಸಲು, ನಡುವೆ ಒಂದು ವರ್ಷವೂ ತಪ್ಪದಂತೆ, ಹಳೆಯ ಅಳತೆ ಪುಸ್ತಕಗಳು ಬೇಕು. ಅವಿಲ್ಲದಿದ್ದರೆ ಈ ವರ್ಷದ ದುರಸ್ತಿ ಪಟ್ಟಿಯಲ್ಲಿ ಒಡ್ಡಿನ ಹೆಸರು ಸೇರುವುದಿಲ್ಲ. ಕೆಳಗೆ ನಾನೂರು ಮನೆಗಳಿದ್ದವು.

"ಪುಸ್ತಕದ ಕೋಣಿ ಕೀಲಿ," ಎಂದಳು ಮಮತಾ, "ದಿನಾ ಜಿನುಗು ನೀರಿನ ಅಳತಿ ತಗೊಳ್ಳೋ ಮೌನೇಶನ ಕಡೆ ಇರತೈತಿ. ಅಂವನ್ನ ಕೆಲಸದಿಂದ ತಗೀಬೇಕಂತ ಮ್ಯಾಲಿನವರು ಹಟ ಹಿಡಿದಾರ. ನನಗ ಮಾತ್ರ ಗುತ್ತಿಗೆದಾರ ಸೋಮೇಶನ ಮ್ಯಾಲ ಸಂಶಯ. ೨೦೧೦ರಾಗ ಬುಡದ ರಿಪೇರಿ ಮಾಡಿದಾವ ಅಂವನ. ಹೋದ ವಾರ ಬಂದು ಹೋಗ್ಯಾನ."

ಭಾನುವಾರ ಒಡ್ಡಿಗೆ ಹೋದೆವು. ಅಳತೆ ಕೋಣೆಯ ಕಪಾಟಿನಲ್ಲಿ, ೨೦೦೮ರಲ್ಲಿ ಅಳತೆ ಶುರುವಾದಾಗಿನಿಂದ, ವರ್ಷಕ್ಕೊಂದರಂತೆ ಪುಸ್ತಕಗಳು. ೨೦೦೮, ೨೦೦೯, ೨೦೧೧ ಇರಲಿಲ್ಲ. ನಡುವಿನ ೨೦೧೦ ಇತ್ತು, ಆದರೆ ತಲೆಕೆಳಗಾಗಿ ನಿಂತಿತ್ತು. ಸೀರೆ ಕೈಗೆ ಬಂದರೆ ಮೊದಲು ಹಿಂಬದಿ ನೋಡುವ ರೂಢಿ ಸಾವಂತ್ರೆವ್ವನದು. ಇಲ್ಲೂ ಹೋದದ್ದನ್ನು ಬಿಟ್ಟು ಉಳಿದದ್ದನ್ನು ತೆರೆದಳು. ಪ್ರತಿ ಪುಟದ ಕೆಳಗೆ ಒಂದು ಹೆಬ್ಬೆಟ್ಟಿನ ಗುರುತು.

"ಇದು ಯಾರದಪಾ?"

"ತಿರಕಪ್ಪ ಕಾಕಾಂದು," ಎಂದ ಕೀಲಿ ಹಿಡಿದು ನಿಂತಿದ್ದ ಮೌನೇಶ. "ನನಗಿಂತ ಮೊದಲ ಅಳತಿ ನೋಡ್ತಿದ್ದ. ಓದು ಬರಹ ಇಲ್ಲ. ಕೆಳಗ ಇಳಿದು ಅಳತಿ ಕೂಗತಿದ್ದ, ಮ್ಯಾಲೆ ಗದಿಗೆವ್ವಕ್ಕ ಬರೀತಿದ್ದಳು, ಕಾಕಾನ ಹೆಂಡ್ತಿ. ಈ ೨೦೧೦ರದ್ದು ಮಾತ್ರ ಗುಮಾಸ್ತ ಬರದಾನ. ಆಗ ಆಕಿ ತವರುಮನಿ ಲಕ್ಷ್ಮೇಶ್ವರದಾಗ ಇದ್ದಳು, ತಾಯಿಗೆ ಆರಾಮಿರಲಿಲ್ಲ. ೨೦೧೧ರಾಗ ಆಕಿನೂ ಹೋಗಿಬಿಟ್ಟಳು. ಆಮ್ಯಾಲಿಂದ ನಾನ ಬರೀತೀನ್ರಿ."

"ನೀ ಕೆಳಗ ಇಳಿದಾಗ ಕೋಣಿಗೆ ಕೀಲಿ ಹಾಕ್ತೀಯೇನು?"

"ಯಾಕ್ರಿ? ಬಾಗಿಲದಾಗ ಕಾಕಾ ಕುಂತಿರ್ತಾನಲ್ಲ. ದಿನಾ ಸಂಜಿ ಅಳತಿ ಹೊತ್ತಿಗೆ ಬರ್ತಾನ. ಅಂವನ್ನ ದಾಟಿ ಯಾರ ಒಳಗ ಹೋಗ್ತಾರ?"

ಸಾವಂತ್ರೆವ್ವ ನನ್ನ ಕಡೆ ನೋಡಿದಳು. ನನಗೆ ಏನೂ ಹೊಳೆಯಲಿಲ್ಲ, ಹೊಳೆದವನಂತೆ ತಲೆಯಾಡಿಸಿದೆ.

ಸಂಜೆ ಐದಕ್ಕೆ ಎಲ್ಲರನ್ನೂ ಕೋಣೆಗೆ ಕರೆಸಿದಳು. ಸೋಮೇಶ ಗಡಿಯಾರ ನೋಡುತ್ತ ನಿಂತ. ತಿರಕಪ್ಪ ಎಂದಿನಂತೆ ಬಾಗಿಲಲ್ಲಿ ಕೂತ.

"ಸೋಮೇಶಪ್ಪಾ, ನೀ ಕದ್ದಿದ್ರ ಮೊದಲ ಒಯ್ಯೋದು ನಿನ್ನ ರಿಪೇರಿ ವರ್ಷದ ಪುಸ್ತಕ. ಅದ ಇಲ್ಲೇ ಐತಿ. ಮೌನೇಶ ಕದ್ದಿದ್ರ ತನ್ನ ತಪ್ಪು ಮುಚ್ಚಾಕ ತಾನು ಬರದ ಈಚಿನವನ್ನ ಒಯ್ತಿದ್ದ. ಅವೂ ಅದಾವ. ಅಂದಮ್ಯಾಲ ಒಯ್ದವರಿಗೆ ಅಳತಿ ಬೇಕಾಗಿದ್ದಿಲ್ಲ. ಬೇಕಾಗಿದ್ದು ಗದಿಗೆವ್ವನ ಅಕ್ಷರ. ೨೦೧೦ ತಗದು ನೋಡ್ಯಾರ, ಬ್ಯಾರೆ ಕೈಬರಹ, ವಾಪಸ್ ಇಟ್ಟಾರ. ಇಟ್ಟಿದ್ದು ಉಲ್ಟಾ. ಓದಾಕ ಬರೋರು ಹಂಗ ಇಡಂಗಿಲ್ಲ." ಬಾಗಿಲ ಕಡೆ ತಿರುಗಿದಳು. "ಮೌನೇಶನ ಕೆಲಸ ಹೋಗೂದೈತಿ ಅಂತ ಗೊತ್ತಿದ್ರ, ಒಯ್ದವರು ಆವಾಗ್ಲೇ ತಂದು ಕೊಡ್ತಿದ್ದರು."

ತಿರಕಪ್ಪ ಗಡಬಡಿಸಿ ಎದ್ದ. "ಏನಲೇ ಮೌನ್ಯಾ, ನನಗ ಯಾಕ ಹೇಳಲಿಲ್ಲ?"

"ನಿನಗ ಹೆಂಗ ಹೇಳ್ಲಿ ಕಾಕಾ," ಎಂದು ಮೌನೇಶ ತಲೆ ತಗ್ಗಿಸಿದ.

ಮುದುಕ ಮನೆಗೆ ಹೋಗಿ ಗಂಟೊಂದನ್ನು ತಂದ. ಗದಿಗೆವ್ವನ ಹಳೆಯ ಸೀರೆಯಲ್ಲಿ ಮೂರು ಪುಸ್ತಕಗಳು. "ಪುಸ್ತಕ ತಪಾಸಣಿಯವರು ಬೆಂಗಳೂರಿಗೆ ಒಯ್ತಾರ ಅಂತ ಮೇಡಂ ಅಂದ್ರು. ಅಲ್ಲಿಗೆ ಹೋದದ್ದು ವಾಪಸ್ ಬರ್ತೈತೇನ್ರಿ? ಹೊಸಾ ಪುಸ್ತಕ ಸಾಕಾಗ್ತಾವ ಅನ್ಕೊಂಡೆ. ಆಕಿದು ಒಂದು ಫೋಟೋ ಸೈತ ಇಲ್ಲ ನನ್ನ ಕಡೆ. ಇದಷ್ಟ ಐತಿ."

ತೀರಿಕೊಂಡ ನನ್ನ ಹೆಂಡತಿ ಬರೆದ ಒಂದು ಕಿರಾಣಿ ಚೀಟಿ ನನ್ನ ಪೆಟ್ಟಿಗೆಯಲ್ಲೂ ಇದೆ. ಸಾಸಿವೆ, ಜೀರಿಗೆ, ಉದ್ದಿನಬೇಳೆ. ಅದನ್ನು ಸರಕಾರ ಕೇಳಿದರೂ ನಾನು ಕೊಡುವವನಲ್ಲ.

ಮಮತಾ ಪುಟ ತಿರುವಿದಳು. ವರ್ಷವಿಡೀ ಒಂದಿಂಚು, ನೀರು ತಿಳಿ. ಈಗ ಮೂರಿಂಚು. "ಇಷ್ಟು ಸಾಕ್ರಿ. ಇನ್ನ ನಮ್ಮ ಮಾತು ತಗದಹಾಕಾಕ ಬರಂಗಿಲ್ಲ. ಕಾಕಾ, ಪುಸ್ತಕ ನಾನ ತಿರುಗಿ ತರ್ತೀನಿ."

"ಒಯ್ರಿ, ಊರು ಉಳೀಲಿ," ಎಂದ ತಿರಕಪ್ಪ. "ಅದಕಿಂತ ಮೊದಲ ಒಂದೀಟು ಓದಿ ಹೇಳ್ರಿ. ಏನ ಬರದಾಳಂತ ಯಾರನ್ನೂ ಕೇಳಿಲ್ಲ. ನಾಚಿಕಿ ಬರ್ತಿತ್ತು."

ಸಾವಂತ್ರೆವ್ವ ಕೊನೆಯ ಪುಸ್ತಕ ತೆಗೆದುಕೊಂಡಳು. ಅಳತೆಯ ಪಕ್ಕ ಷರಾ ಬರೆಯುವ ಜಾಗವಿತ್ತು. "ಒಂದಿಂಚು. ನೀರು ತಿಳಿ. ಇವರಿಗೆ ಇವತ್ತ ಕೆಮ್ಮಿಲ್ಲ." ಮತ್ತೊಂದು ಪುಟ. "ಒಂದಿಂಚು. ನೀರು ತಿಳಿ. ಕೂಗೂ ದನಿ ಸಣ್ಣ ಆಗೇತಿ, ಉಂಡಿಲ್ಲ ಅನಸ್ತೈತಿ." ಗದಿಗೆವ್ವನ ಅಕ್ಷರ ನಿಂತ ಪುಟಕ್ಕೆ ಬಂದಾಗ ಸಾವಂತ್ರೆವ್ವನ ದನಿಯೂ ಸಣ್ಣಗಾಯಿತು. "ಒಂದಿಂಚು. ನೀರು ತಿಳಿ. ನಾಳಿ ನಾ ದವಾಖಾನಿಗೆ. ನಾ ಇಲ್ಲಂತ ಇವರು ಅಳತಿ ತಪ್ಪಸಬಾರದು."

ತಿರಕಪ್ಪ ಗೋಡೆ ಹಿಡಿದು ಎದ್ದ. "ಹೊತ್ತಾತು. ಇವತ್ತಿನ ಅಳತಿ ನಾ ನೋಡ್ತೀನಿ."

ಮೌನೇಶನ ತೋಳು ಹಿಡಿದು ಮೆಟ್ಟಿಲಿಳಿದ. ಸ್ವಲ್ಪ ಹೊತ್ತಿಗೆ ಒಡ್ಡಿನ ಬುಡದಿಂದ ದನಿ ಬಂತು. "ಮೂರಿಂಚು! ನೀರು ಕದಡೈತಿ!"

ಮಮತಾ ಬರೆದುಕೊಂಡಳು. ದನಿ ಅಲ್ಲಿಗೇ ನಿಲ್ಲಲಿಲ್ಲ.

"ಒಂದ ದಿನಾನೂ ತಪ್ಪಿಸಿಲ್ಲ! ಅದನ್ನೂ ಬರೀ!"

ಷರಾ ಜಾಗದಲ್ಲಿ ಮಮತಾ ಅದನ್ನೂ ಬರೆದಳು. ಅವನು ಮೇಲೆ ಬಂದು, ಅದರ ಕೆಳಗೆ ಹೆಬ್ಬೆಟ್ಟು ಒತ್ತಿದ.